ಮಾತ್ರೆ ಬದಲಾದ ಮೇಲೆ ಕೈ ನಡುಕ, ಬೆವರು

ತೀರ್ಥಹಳ್ಳಿಯ ನಿಮ್ಮ ತಂದೆಯವರಿಗೆ ತೋಟದಲ್ಲಿ ಕೈ ನಡುಗಿ ಬೆವರುವುದಕ್ಕೆ ಸಕ್ಕರೆ ಕಾಯಿಲೆಯ ಯಾವ ಮಾತ್ರೆ ಕಾರಣ ಅಂತ ಕೇಳಿದ್ದೀರಿ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಹೀಗಾಗುತ್ತದೆ. ಮೆಟ್‌ಫಾರ್ಮಿನ್‌ಗಿಂತ ಹೊಸದಾಗಿ ಸೇರಿಸಿದ ಗ್ಲಿಮೆಪಿರೈಡ್ ಮೇಲೆಯೇ ನನಗೆ ಅನುಮಾನ, ಆದರೆ ಸಕ್ಕರೆ ಅಳೆಯದೆ ಖಚಿತವಾಗಿ ಹೇಳಲು ಆಗುವುದಿಲ್ಲ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಅಷ್ಟು ಇಳಿಯುವುದು ಅಪರೂಪ, ಅದರ ಕಾಟ ಜಾಸ್ತಿ ಹೊಟ್ಟೆಗೆ. ಗ್ಲಿಮೆಪಿರೈಡ್ ಹೊಟ್ಟೆ ಖಾಲಿ ಇದ್ದರೂ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಬರೀ ಕಾಫಿ ಕುಡಿದು, ಮಾತ್ರೆ ನುಂಗಿ ಅಡಿಕೆ ಕೊನೆಕೊಯ್ಲಿಗೆ ಹೋದರೆ ಕಷ್ಟ ಅಲ್ವಾ? ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗುತ್ತಿತ್ತು.

ಮತ್ತೆ ನಡುಗಿದರೆ ಮೊದಲು ಕೂರಿಸಿ, ಗ್ಲುಕೋಮೀಟರ್‌ನಲ್ಲಿ ನೋಡಿ. 70 mg/dLಗಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಹತ್ತಿರ ಇಲ್ಲದಿದ್ದರೆ ಸುಮ್ನೆ ಕಾಯಬೇಡಿ, ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಡಾಕ್ಟರ ಚೀಟಿಯಲ್ಲಿ ವೋಗ್ಲಿಬೋಸ್ (ಸಕ್ಕರೆ ಜೀರ್ಣವಾಗುವುದನ್ನು ನಿಧಾನ ಮಾಡುವ ಮಾತ್ರೆ) ಕೂಡ ಇದ್ದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಕಡುಬೋ ರೊಟ್ಟಿಯೋ ತಿನ್ನಿಸಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಮುಂದಿನ ಮಾತ್ರೆಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಗ್ಲಿಮೆಪಿರೈಡ್ ಕಡಿಮೆ ಮಾಡಬಹುದಾ, ಬದಲಿಗೆ ಸಿಟಾಗ್ಲಿಪ್ಟಿನ್ ಅನ್ನುವ ಇನ್ನೊಂದು ಸಕ್ಕರೆ ಮಾತ್ರೆ ಆಗುತ್ತದಾ ಕೇಳಿ. ಅದು ಮೆಟ್‌ಫಾರ್ಮಿನ್ ಜೊತೆಗಿದ್ದರೂ ಸಕ್ಕರೆಯನ್ನು ಹೀಗೆ ಕುಸಿಯಲು ಬಿಡುವುದು ಕಡಿಮೆ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಇದ್ದರೆ ಕೈಯಲ್ಲಿಟ್ಟುಕೊಳ್ಳಿ, ಕಿಡ್ನಿ ನೋಡಿಯೇ ಡೋಸ್ ಹೇಳುತ್ತಾರೆ.