ಮೆಟ್ಟಿಲ ಮೇಲೆ ಕಾದವರು ಯಾರು?

ಪ್ರಶ್ನೆ: ನನಗೀಗ 52 ವರ್ಷ. ಕಾಲೇಜಿನಲ್ಲಿ ಸಹಪಾಠಿಯೊಬ್ಬರನ್ನು ಪ್ರೀತಿಸಿದ್ದೆ. ಕೊನೆಯ ವರ್ಷದಲ್ಲಿ ಅವರು ಕಾರಣವನ್ನೂ ಹೇಳದೆ ದೂರವಾದರು. ಬರುತ್ತೇನೆಂದಿದ್ದ ದಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಸಂಜೆಯವರೆಗೂ ಕಾದು, ಮಳೆಯಲ್ಲಿ ತೊಯ್ದು ಮನೆಗೆ ಬಂದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇದನ್ನೆಲ್ಲ ಬಲ್ಲವಳು ಬಾಲ್ಯದ ಗೆಳತಿಯೊಬ್ಬಳೇ. ಮೊನ್ನೆ ಹಳೆಯ ದಿನಗಳ ಮಾತು ಬಂದಾಗ ಅವಳು, ‘ಕಾದದ್ದು ಅವನು ಕಣೇ, ನೀನಲ್ಲ. ನಾವಿಬ್ಬರೂ ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆವು, ಆಮೇಲೆ ಹಿಂಬಾಗಿಲಿನಿಂದ ಹೊರಟುಬಿಟ್ಟೆವು’ ಎಂದಳು. ನನಗೆ ಸಿಟ್ಟು ಬಂತು, ಜಗಳವಾಯಿತು. ಆ ರಜೆಯಲ್ಲಿ ನಾನು ಬರೆದಿದ್ದ ಕಾಗದಗಳನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ. ಮರುದಿನ ಒಂದರ ಫೋಟೊ ಕಳುಹಿಸಿದಳು. ‘ಇನ್ನು ಅವನಿಂದ ಕಾಗದ ಬಂದರೆ ಒಡೆಯದೆ ಹಾಗೇ ಇಟ್ಟುಬಿಡುತ್ತೇನೆ’ ಎಂದು ನನ್ನದೇ ಅಕ್ಷರದಲ್ಲಿದೆ. ಬರೆದ ನೆನಪೇ ನನಗಿಲ್ಲ. ಮೋಸ ಹೋದವಳೆಂದು ಇಷ್ಟು ವರ್ಷ ಬದುಕಿದೆ, ಗಂಡನಿಗೂ ಹಾಗೆಯೇ ಹೇಳಿದ್ದೇನೆ. ನಾನೇ ಕಟ್ಟಿದ ಸುಳ್ಳನ್ನು ನಾನೇ ನಂಬಿದ್ದೆನೆ? ಉಳಿದ ಕಾಗದಗಳನ್ನು ಓದಲೆ? ಅವರನ್ನು ಹುಡುಕಿ ಕ್ಷಮೆ ಕೇಳಲೆ? ಇಷ್ಟು ಕಾಲ ಬಾಯಿ ಬಿಡದೆ ಕುಳಿತ ಆ ಗೆಳತಿಯ ಸಹವಾಸವಂತೂ ಇನ್ನು ಸಾಕೆನಿಸಿದೆ.

– ಹೆಸರು ಬೇಡ

ಉತ್ತರ: ಕಾಗದಗಳನ್ನು ಓದಬೇಕೆ ಎಂಬುದನ್ನೂ ಅವರಲ್ಲಿ ಕ್ಷಮೆ ಕೇಳಬೇಕೆ ಎಂಬುದನ್ನೂ ನೀವು ಪ್ರಶ್ನೆಯಾಗಿಯೇ ಕೇಳಿದ್ದೀರಿ. ಗೆಳತಿಯ ವಿಷಯಕ್ಕೆ ಬಂದಾಗ ಮಾತ್ರ ಪ್ರಶ್ನೆಯಿಲ್ಲ, ತೀರ್ಪೇ ಹೊರಬಿದ್ದಿದೆ. ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಆ ತೀರ್ಪು. ಕೈತಪ್ಪಿಹೋದ ಪ್ರೀತಿಯ ವಿಚಾರದಲ್ಲಿ ಈಗ ಮಾಡಬಹುದಾದದ್ದು ತೀರ ಕಡಿಮೆ. ಕೈಯಲ್ಲಿರುವ ಸ್ನೇಹದ ವಿಚಾರದಲ್ಲಿ ಮಾಡಬೇಕಾದದ್ದು ಬೇಕಾದಷ್ಟಿದೆ.

ಅದಕ್ಕೂ ಮೊದಲು ಸುಳ್ಳಿನ ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ. ನೀವು ಸುಳ್ಳು ಕಟ್ಟಿಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿದುಹೋಯಿತು. ಮರುದಿನ ಬೆಳಿಗ್ಗೆ ಎಮೊರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಉಲ್ರಿಕ್ ನೈಸರ್ ಅವರು, ಆ ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂಬುದನ್ನು ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿಟ್ಟುಕೊಂಡರು. ಸುಮಾರು ಎರಡೂವರೆ ವರ್ಷಗಳ ನಂತರ ಅವರೂ ಅವರ ಸಹೋದ್ಯೋಗಿ ನಿಕೋಲ್ ಹಾರ್ಷ್ ಅವರೂ ಅದೇ ಪ್ರಶ್ನೆಗಳನ್ನು 44 ಮಂದಿಗೆ ಮತ್ತೆ ಕೇಳಿದಾಗ, ಅವರಲ್ಲಿ 11 ಮಂದಿಯ ಉತ್ತರ ಮೊದಲಿನದಕ್ಕೆ ಯಾವ ಮುಖ್ಯ ಅಂಶದಲ್ಲೂ ಹೊಂದಲಿಲ್ಲ. ಅಷ್ಟಾದರೂ ತಮ್ಮ ನೆನಪು ಸರಿಯೆಂಬ ವಿಶ್ವಾಸಕ್ಕೆ ಕೊರತೆಯಿರಲಿಲ್ಲ. ನಿಮಗೆ ಸಂಬಂಧಿಸಿದ್ದು ಮುಂದಿನದು: ಅವರದೇ ಕೈಬರಹದ ಹಾಳೆಯನ್ನು ಮುಂದಿಟ್ಟಾಗಲೂ ಹಳೆಯ ನೆನಪು ಮರಳಿ ಬರಲಿಲ್ಲ. ಅಕ್ಷರ ತಮ್ಮದೆಂದು ಒಪ್ಪಿಕೊಂಡವರೂ ಅಲ್ಲಿ ಬರೆದದ್ದನ್ನು ಒಪ್ಪಲು ತಡವರಿಸಿದರು. ಎರಡೂವರೆ ವರ್ಷಕ್ಕೇ ಹೀಗೆ. ನಿಮ್ಮ ಕಾಗದಕ್ಕೆ ಅದರ ಹತ್ತುಪಟ್ಟಿಗೂ ಮೀರಿದ ವಯಸ್ಸಾಗಿದೆ.

ಹದಿಹರೆಯದ ನೆನಪುಗಳಂತೂ ಇನ್ನೂ ಜಾರು. ಅಮೆರಿಕದ ಮನೋವೈದ್ಯ ಡೇನಿಯಲ್ ಆಫರ್ ಅವರು 1962ರಲ್ಲಿ 14ರ ವಯಸ್ಸಿನ ಹುಡುಗರನ್ನು ಅವರ ಮನೆ, ತಂದೆತಾಯಿ, ಗೆಳೆಯರು, ಶಿಸ್ತು, ಆಸೆಗಳ ಬಗ್ಗೆ ವಿವರವಾಗಿ ಮಾತನಾಡಿಸಿದ್ದರು. ಅವರಿಗೆ 48 ತುಂಬಿದಾಗ, ಅಂದು ನೀವು ಏನು ಹೇಳಿದ್ದಿರಿ, ಹೇಗೆ ಯೋಚಿಸುತ್ತಿದ್ದಿರಿ ಎಂದು ಕೇಳಿದರೆ, ಆರೋಗ್ಯವಂತರಾದ ಆ ಗಂಡಸರ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ನಿಖರವಾಗಿರಲಿಲ್ಲ. ಸುಮಾರು ಹತ್ತರಿಂದ ಮೂವತ್ತರವರೆಗಿನ ವರ್ಷಗಳನ್ನು ಮನುಷ್ಯರು ಮಿಕ್ಕೆಲ್ಲ ಕಾಲಕ್ಕಿಂತ ಹೆಚ್ಚಾಗಿ ನೆನಪಿಸಿಕೊಳ್ಳುತ್ತಾರೆ ಎಂಬುದೂ ಮನೋವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ಆದರೆ ಹೆಚ್ಚಾಗಿ ನೆನೆಯುವುದೂ ಇದ್ದದ್ದನ್ನು ಇದ್ದಂತೆ ನೆನೆಯುವುದೂ ಬೇರೆಬೇರೆ. ನೂರಾರು ಬಾರಿ ಹೊರತೆಗೆದು ನೋಡಿದ ನೆನಪು, ನೋಡಿದವರ ಅಂದಂದಿನ ಮನಸ್ಥಿತಿಗೆ ತಕ್ಕಂತೆ ಸ್ವಲ್ಪಸ್ವಲ್ಪವೇ ಬದಲಾಗಿ ಒಳಗೆ ಹೋಗಿರುತ್ತದೆ.

ಈಗ ಆ ಮೆಟ್ಟಿಲುಗಳ ಬಳಿಗೆ ಬರೋಣ. ಒಂದು ವೇಳೆ ಗೆಳತಿ ಹೇಳಿದ್ದೇ ನಿಜವಾಗಿದ್ದರೆ, ನೀವು ಆ ದಿನ ಏನನ್ನು ಕಂಡಿರಿ ಎಂಬುದನ್ನು ಯೋಚಿಸಿ. ಮಳೆ ಬರುತ್ತಿತ್ತು. ಮೆಟ್ಟಿಲ ಮೇಲೆ ಒಬ್ಬರು ಕಾಯುತ್ತಿದ್ದರು. ಅವರು ಗಡಿಯಾರ ನೋಡಿಕೊಂಡದ್ದು, ಒಮ್ಮೆ ಎದ್ದು ಮತ್ತೆ ಕುಳಿತದ್ದು, ತೊಯ್ದದ್ದು, ಎಲ್ಲವನ್ನೂ ಮೇಲಿನಿಂದ ನೀವು ಬಹುಶಃ ಎವೆಯಿಕ್ಕದೆ ನೋಡಿರಬೇಕು. ಹಾಗಿದ್ದರೆ ನಿಮ್ಮ ನೆನಪಿನಲ್ಲಿ ಮಳೆ ಸುಳ್ಳಲ್ಲ, ಮೆಟ್ಟಿಲು ಸುಳ್ಳಲ್ಲ, ಕಾಯುವಿಕೆಯ ಸಂಕಟವೂ ಸುಳ್ಳಲ್ಲ. ಕಾದವರು ಯಾರೆಂಬುದು ಮಾತ್ರ ಅದಲುಬದಲಾಗಿದೆ. ನೋವನ್ನು ಕೊಟ್ಟವರ ಜಾಗದಲ್ಲಿ ನಿಲ್ಲುವುದಕ್ಕಿಂತ ಅನುಭವಿಸಿದವರ ಜಾಗದಲ್ಲಿ ನಿಲ್ಲುವುದು ಸಹಿಸಲು ಸುಲಭವಾದ್ದರಿಂದ ಮನಸ್ಸು ಮೆಲ್ಲನೆ ಅತ್ತ ಸರಿದಿರಬಹುದು. ಇದನ್ನು ವಂಚನೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಏನೂ ಅನ್ನಿಸದೆ ಎದ್ದುಹೋದವರಿಗೆ ಇಂಥ ನೆನಪೇ ಉಳಿಯುತ್ತಿರಲಿಲ್ಲ.

ಹಾಗೆಂದು, ಗೆಳತಿಯ ಮಾತನ್ನೇ ಪ್ರಮಾಣವೆಂದು ಇಂದೇ ಒಪ್ಪಿಬಿಡುವುದೂ ಬೇಡ. ಆಕೆಯ ಕಿಟಕಿಯೂ ಒಂದು ನೆನಪೇ. ನಿಮ್ಮ ನೆನಪಿಗೆ ಆದದ್ದೆಲ್ಲ ಆಕೆಯ ನೆನಪಿಗೂ ಆಗಿರಬಹುದು. ಕೈಯಲ್ಲಿರುವ ದಾಖಲೆಯೆಂದರೆ ಫೋಟೊದಲ್ಲಿರುವ ಆ ಒಂದು ಸಾಲು. ಅದನ್ನು ನಿಧಾನವಾಗಿ ಓದಿ. ಅವರ ಕಾಗದ ಬಂದರೆ ಒಡೆಯುವುದಿಲ್ಲ ಎಂದು ಅದು ಹೇಳುತ್ತದೆಯೇ ಹೊರತು ಮೆಟ್ಟಿಲ ಮೇಲೆ ಯಾರಿದ್ದರು ಎಂಬುದನ್ನು ಹೇಳುವುದಿಲ್ಲ. ಅವರು ಒಂದು ದಿನ ಬಾರದೆ ಹೋದದ್ದಕ್ಕೆ ಮುನಿದು ನೀವು ಹಾಗೆ ಬರೆದಿರಬಹುದು. ಎರಡು ಬೇರೆಬೇರೆ ದಿನಗಳಲ್ಲಿ ಒಮ್ಮೆ ನೀವು, ಒಮ್ಮೆ ಅವರು ಕಾದದ್ದೂ ಇರಬಹುದು. ಒಂದೇ ಸಾಲನ್ನು ಹಿಡಿದು, ಮೋಸ ಹೋದವಳು ಎಂಬ ಕಥೆಯನ್ನು ಕಿತ್ತುಹಾಕಿ ಮೋಸ ಮಾಡಿದವಳು ಎಂಬ ಕಥೆಯನ್ನು ಅಲ್ಲಿ ನೆಡಲು ಹೊರಟಿದ್ದೀರಿ. ಮೊದಲನೆಯದು ಎಷ್ಟು ಸರಳವಾಗಿತ್ತೋ ಎರಡನೆಯದೂ ಅಷ್ಟೇ ಸರಳವಾಗಿದೆ, ನನಗೆ ಅನುಮಾನ ಬರುವುದು ಅಲ್ಲಿಯೇ. ಇಪ್ಪತ್ತರ ಆಸುಪಾಸಿನ ಇಬ್ಬರ ನಡುವೆ ಪ್ರೀತಿ ಮುರಿದುಬಿದ್ದಾಗ ಅಲ್ಲಿ ಹೆದರಿಕೆ, ಹಟ, ಮನೆಯವರ ಒತ್ತಡ, ಮುಂದೇನೆಂದು ತೋಚದ ಗೊಂದಲ, ಯಾರೋ ಹೇಳಿದ ಅರೆಬರೆ ಮಾತು ಎಲ್ಲ ಸೇರಿಕೊಂಡಿರುತ್ತವೆ. ಇಂಥವರೇ ಬಿಟ್ಟುಹೋದರು ಎಂದು ಬೆರಳು ತೋರಿಸುವಷ್ಟು ಸ್ಪಷ್ಟವಾಗಿ ಅದು ಬಹಳ ಸಲ ನಡೆಯುವುದಿಲ್ಲ.

ಆದ್ದರಿಂದ ಉಳಿದ ಕಾಗದಗಳನ್ನು ಓದಿ. ಓದದೆ ಬಿಟ್ಟರೆ ಊಹೆ ಬೆಳೆಯುತ್ತಲೇ ಹೋಗುತ್ತದೆ, ಮತ್ತು ಊಹೆಯಲ್ಲಿ ನಿಮ್ಮ ಅಪರಾಧ ಕಾಗದದಲ್ಲಿರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಒಂದೊಂದರ ಫೋಟೊ ತರಿಸಿಕೊಂಡು ರಾತ್ರಿ ಒಬ್ಬರೇ ಮೊಬೈಲಿನಲ್ಲಿ ಓದಬೇಡಿ. ಗೆಳತಿಯ ಮನೆಗೆ ಹೋಗಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರೆದ ಕ್ರಮದಲ್ಲೇ ಓದಿ. ಆ ಕಾಗದಗಳೂ ಶಪಥ ಮಾಡಿ ನುಡಿದ ಸಾಕ್ಷ್ಯವಲ್ಲ. ಆ ವಯಸ್ಸಿನಲ್ಲಿ ಗೆಳತಿಗೆ ಬರೆಯುವಾಗ ಧೈರ್ಯವಿಲ್ಲದವರೂ ಧೈರ್ಯ ತೋರಿಸುತ್ತಾರೆ, ಅತ್ತು ಮುಗಿಸಿದ ಮೇಲೆ ‘ನನಗೇನೂ ಅನ್ನಿಸಲೇ ಇಲ್ಲ’ ಎಂದು ಬರೆಯುತ್ತಾರೆ. ‘ಒಡೆಯದೆ ಇಟ್ಟುಬಿಡುತ್ತೇನೆ’ ಎಂದವರು ಆಮೇಲೆ ನಿಜಕ್ಕೂ ಒಡೆಯದೆ ಇಟ್ಟರೆ, ಅಥವಾ ಅಂಚೆಯವನ ದಾರಿಯನ್ನೇ ಕಾಯುತ್ತಿದ್ದರೆ ಎಂಬುದಕ್ಕೆ ಮುಂದಿನ ಕಾಗದಗಳಲ್ಲಿ ಸುಳಿವು ಸಿಗಬಹುದು; ಸಿಗದೆಯೂ ಇರಬಹುದು. ಅವುಗಳಲ್ಲಿ ಆ ಹುಡುಗನ ವಿಷಯ ಒಂದು ಪಾಲಾದರೆ, ಪರೀಕ್ಷೆ, ತಮ್ಮತಂಗಿಯರ ಜಗಳ, ಅಮ್ಮನ ಗದರಿಕೆ, ಆಗ ಬಹಳ ದೊಡ್ಡದಾಗಿದ್ದು ಈಗ ಹೆಸರೂ ನೆನಪಿಲ್ಲದ ಯಾರದೋ ಮೇಲಿನ ಸಿಟ್ಟು ನಾಲ್ಕು ಪಾಲು ಇದ್ದರೂ ಆಶ್ಚರ್ಯಪಡಬೇಡಿ. ಅವನ್ನು ಹಾರಿಸಿ ಓದಬೇಡಿ. ಆ ಹುಡುಗಿ ಯಾರಾಗಿದ್ದಳು ಎಂಬುದು ಗೊತ್ತಾದ ಮೇಲಷ್ಟೇ ಆಕೆ ಏಕೆ ಹಾಗೆ ಮಾಡಿದಳು ಎಂದು ಕೇಳುವುದರಲ್ಲಿ ಅರ್ಥವಿದೆ.

ಅವರನ್ನು ಹುಡುಕಿ ಕ್ಷಮೆ ಕೇಳುವ ವಿಚಾರದಲ್ಲಿ ನನ್ನ ಉತ್ತರ: ಸದ್ಯಕ್ಕೆ ಬೇಡ. ಏನು ನಡೆಯಿತೆಂದೇ ಖಚಿತವಾಗದೆ ಯಾವುದಕ್ಕಾಗಿ ಕ್ಷಮೆ ಕೇಳುತ್ತೀರಿ? ಖಚಿತವಾದರೂ, ಆ ಮಾತನ್ನು ಕೇಳುವ ಅಗತ್ಯ ಅವರಿಗಿದೆಯೋ ಹೇಳಿ ಹಗುರಾಗುವ ಅಗತ್ಯ ನಿಮಗಿದೆಯೋ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಅವರ ನೆನಪಿನಲ್ಲಿ ಮೂರನೆಯದೇ ಒಂದು ಕಥೆ ಇರಬಹುದು: ಬಿಟ್ಟುಹೋದವರು ತಾವೇ ಎಂದು ಅವರೂ ಇಷ್ಟು ವರ್ಷ ಕೊರಗಿರಬಹುದು, ಅಥವಾ ಎಲ್ಲವನ್ನೂ ಮರೆತು ನೆಮ್ಮದಿಯಾಗಿರಬಹುದು. ಕಾಗದಗಳನ್ನು ಓದಿ ಕೆಲವು ತಿಂಗಳು ಕಳೆದ ಮೇಲೂ ಹೇಳಲೇಬೇಕೆನಿಸಿದರೆ, ಅವರ ಮನೆಯವರ ಮುಂದೆಯೂ ಓದಬಹುದಾದಂಥ ನಾಲ್ಕು ಸಾಲು ಬರೆಯಿರಿ. ಉತ್ತರವನ್ನಾಗಲಿ ಭೇಟಿಯನ್ನಾಗಲಿ ಕೇಳಬೇಡಿ. ಹಾಗೆ ಬರೆಯಲು ಕುಳಿತಾಗ ಭೇಟಿಯ ಆಸೆ ಇಣುಕಿದರೆ, ಅದು ಕ್ಷಮೆಯ ಪತ್ರವಲ್ಲವೆಂದು ತಿಳಿದು ಅಲ್ಲಿಗೇ ನಿಲ್ಲಿಸಿ.

ಇನ್ನು ಗೆಳತಿಯ ವಿಷಯ. ಇಷ್ಟು ವರ್ಷ ಅವರು ಏಕೆ ಸುಮ್ಮನಿದ್ದರು ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅವರ ಕಡೆಯಿಂದಲೂ ನೋಡಿ. ನೀವು ಆ ಕಥೆಯನ್ನು ಮೊದಲ ಬಾರಿ ತಿರುಗುಮುರುಗಾಗಿ ಹೇಳಿದ ದಿನ ಅವರು ಪ್ರಾಯಶಃ ಬೆರಗಾಗಿದ್ದಾರೆ; ದುಃಖದಲ್ಲಿರುವವರನ್ನು ತಿದ್ದುವುದು ಹೇಗೆಂದು ಸುಮ್ಮನಾಗಿದ್ದಾರೆ; ಎರಡನೆಯ ಬಾರಿ ಕೇಳುವ ಹೊತ್ತಿಗೆ, ಮೊದಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ ಎಂಬ ಮುಜುಗರವೂ ಸೇರಿಕೊಂಡಿದೆ. ಅನೇಕ ಸ್ನೇಹಗಳಲ್ಲಿ ಇಂಥ ಮೌನ ದಾಕ್ಷಿಣ್ಯದಲ್ಲಿ ಹುಟ್ಟಿ ಅಭ್ಯಾಸವಾಗಿ ಉಳಿದುಬಿಡುತ್ತದೆ. ಹಿಂಬಾಗಿಲಿನಿಂದ ನಿಮ್ಮ ಜೊತೆ ಹೊರಟವರು ಅವರೇ ತಾನೆ? ನಡೆದದ್ದರಲ್ಲಿ ತಪ್ಪಿದ್ದರೆ ಅದರಲ್ಲಿ ಅವರ ಪಾಲೂ ಇದೆ, ಅದನ್ನು ಅವರು ಬಲ್ಲರು. ‘ನೀನಲ್ಲ’ ಎಂದು ಹೇಳುವಾಗ ‘ನಾವಿಬ್ಬರೂ’ ಎಂದು ತಮ್ಮನ್ನೂ ಸೇರಿಸಿಕೊಂಡಿದ್ದನ್ನು ನೀವು ಸಿಟ್ಟಿನಲ್ಲಿ ಗಮನಿಸಿದಂತಿಲ್ಲ.

ಅವರ ಒಂದು ತಪ್ಪನ್ನು ಮಾತ್ರ ನಾನು ಸಮರ್ಥಿಸಲಾರೆ: ಜಗಳವಾದ ಮರುದಿನ, ಮುಂದೆ ಹಿಂದೆ ಏನನ್ನೂ ಹೇಳದೆ, ವಾದ ಗೆಲ್ಲುವುದಕ್ಕೆಂಬಂತೆ ಆ ಒಂದು ಪುಟದ ಫೋಟೊವನ್ನು ಕಳುಹಿಸಬಾರದಿತ್ತು. ಇದನ್ನು ಅವರಿಗೆ ನೇರವಾಗಿ ಹೇಳಿ. ಹೇಳಿ ಜಗಳವಾಡಬಹುದು, ಅತ್ತುಬಿಡಬಹುದು, ಮಾತು ಬಿಡಬೇಡಿ. ಕಡಿದುಹೋದ ಸ್ನೇಹವನ್ನು ಮತ್ತೆ ಕೂಡಿಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಲಾರಾ ಆಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಎಂಬ ಮನೋವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಸಂಪರ್ಕ ತಪ್ಪಿಹೋದ ಗೆಳೆಯರೊಬ್ಬರೊಂದಿಗೆ ಮತ್ತೆ ಮಾತನಾಡಬೇಕೆಂಬ ಆಸೆಯಿದ್ದು, ಸಂಪರ್ಕದ ವಿವರ ಕೈಯಲ್ಲಿದ್ದು, ಸಂದೇಶ ಬರೆಯಲು ಸಮಯವನ್ನೂ ಕೊಟ್ಟಾಗ ಅದನ್ನು ನಿಜವಾಗಿ ಕಳುಹಿಸಿದವರು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹಳೆಯ ಗೆಳೆಯರು ಕಾಲಾಂತರದಲ್ಲಿ ಅಪರಿಚಿತರಷ್ಟೇ ದೂರದವರಾಗಿ ಕಾಣತೊಡಗುತ್ತಾರಂತೆ. ನೀವೀಗ ಮುನಿಸಿಕೊಂಡು ಎರಡು ವರ್ಷ ಸುಮ್ಮನಾದರೆ, ಆಮೇಲೆ ಸಿಟ್ಟು ಇಳಿದಿದ್ದರೂ ಸಂಕೋಚವೇ ಬಾಯಿ ಕಟ್ಟುತ್ತದೆ. 52ರಲ್ಲಿ ಹೊಸ ಗೆಳತಿಯರು ಸಿಗುವುದಿಲ್ಲವೆಂದಲ್ಲ, ಖಂಡಿತ ಸಿಗುತ್ತಾರೆ. ಆದರೆ ನೀವು ಎರಡು ಜಡೆ ಹಾಕಿಕೊಂಡು ಓಡಾಡಿದ್ದನ್ನು ಕಂಡವರು, ನಿಮ್ಮ ನೆನಪಿಗೆ ‘ಹಾಗಲ್ಲ ಕಣೇ’ ಎಂದು ಎದುರಾಡಬಲ್ಲವರು ಇನ್ನೊಬ್ಬರು ಸಿಗಲಾರರು.

ನಿಮ್ಮ ಯಜಮಾನರಿಗೆ ಹೇಳುವ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಪತ್ರದುದ್ದಕ್ಕೂ ಇದೆ. ಆತುರಪಟ್ಟು ತಪ್ಪೊಪ್ಪಿಗೆಯ ಧಾಟಿಯಲ್ಲಿ ಹೇಳಲು ಹೋಗಬೇಡಿ, ಏಕೆಂದರೆ ನೀವು ಅವರಿಗೆ ಮಾಡಿದ ಅನ್ಯಾಯ ಇದರಲ್ಲಿ ಏನೂ ಇಲ್ಲ. ಕಾಗದಗಳನ್ನು ಓದಿ ಬಂದ ಮೇಲೆ, ಹಳೆಯ ವಿಷಯವೊಂದನ್ನು ನಾನು ಬೇರೆಯಾಗಿ ನೆನಪಿಟ್ಟುಕೊಂಡಿದ್ದೆ ಎಂದು ಸಹಜವಾಗಿ ಹೇಳಿದರೆ ಸಾಕು. ಅವರು ನಕ್ಕುಬಿಡುವ ಸಾಧ್ಯತೆಯೇ ಹೆಚ್ಚು.

ಗೆಳತಿಗೆ ಈ ವಾರವೇ ಫೋನ್ ಮಾಡಿ. ಸರಿ ತಪ್ಪುಗಳ ಲೆಕ್ಕದಿಂದ ಮಾತು ಆರಂಭಿಸಬೇಡಿ. ‘ಫೋಟೊ ನೋಡಿ ಎರಡು ದಿನ ನಿದ್ದೆ ಬರಲಿಲ್ಲ, ಹಾಗೆ ಕಳುಹಿಸಬಾರದಿತ್ತು ನೀನು’ ಎಂದು ನಿಮ್ಮ ಸಲಿಗೆಯಲ್ಲೇ ಹೇಳಿ, ಅವರಿಗೆ ಹೇಳಲಿರುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಬರುವ ದಿನವನ್ನು ಗೊತ್ತುಮಾಡಿಕೊಂಡು, ಅಲ್ಲಿಯವರೆಗೆ ಕಾಗದಗಳನ್ನು ಅಂಚೆಗೆ ಹಾಕುವುದಾಗಲಿ ಇನ್ನೊಂದು ಫೋಟೊ ಕಳುಹಿಸುವುದಾಗಲಿ ಬೇಡವೆಂದು ತಿಳಿಸಿ.