ಎರಡು ಗ್ರಾಫಿಕ್ಸ್ ಕಾರ್ಡ್‌ಗಳ ಚಿತ್ರದ ಗುಣಮಟ್ಟವನ್ನು ಪ್ರೋಗ್ರಾಂ ತಾನೇ ಹೋಲಿಸಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಹೋಲಿಸುವುದು ಸುಲಭ, ಎರಡೂ ಕಾರ್ಡ್‌ಗಳಿಂದ ಆಟದ ಒಂದೇ ಕ್ಷಣದ ಚಿತ್ರ ಹಿಡಿಯುವುದೇ ಕಷ್ಟ.

ಸುಮ್ನೆ ಸ್ಕ್ರೀನ್‌ಶಾಟ್ ತೆಗೆದರೆ ಸಾಲದು. ಒಂದು ಕಾರ್ಡ್ ಸೆಕೆಂಡಿಗೆ 60 ಫ್ರೇಮ್ (ಒಂದೊಂದು ಬಿಡಿ ಚಿತ್ರ) ಬಿಡಿಸಿದರೆ ಇನ್ನೊಂದು 90 ಬಿಡಿಸುತ್ತದೆ ಅಂದುಕೊಳ್ಳಿ. 500ನೇ ಫ್ರೇಮ್ ಬರುವಾಗ ಎರಡರಲ್ಲೂ ಆಟದ ಸಮಯ ಬೇರೆ, ಅಲ್ವಾ? ಎಲೆ ಅಲುಗಾಡಿರುತ್ತದೆ, ಹೊಗೆ ಇನ್ನೆಲ್ಲೋ ಹೋಗಿರುತ್ತದೆ. ಪ್ರೋಗ್ರಾಂ ಅದನ್ನೂ ಗುಣಮಟ್ಟದ ವ್ಯತ್ಯಾಸ ಅಂತಲೇ ಎಣಿಸುತ್ತದೆ. ಅದಕ್ಕೇ ಕ್ಯಾಮೆರಾದ ದಾರಿ ಮೊದಲೇ ನಿಗದಿ ಮಾಡಿ, ಪ್ರತಿ ಫ್ರೇಮ್‌ಗೂ ಆಟದ ಗಡಿಯಾರ ಇಷ್ಟೇ ಮುಂದೆ ಹೋಗಬೇಕು ಅಂತ ಕಟ್ಟಿಹಾಕಬೇಕು. ಚಿತ್ರವನ್ನು ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ ಚಿತ್ರವನ್ನು ಕುಗ್ಗಿಸುವಾಗ ತನ್ನದೇ ಮಚ್ಚೆಗಳನ್ನು ಸೇರಿಸುತ್ತದೆ.

ಇನ್ನು ಅಳತೆ. ಒಂದು ಚಿತ್ರದ ಪ್ರತಿ ಪಿಕ್ಸೆಲ್‌ನಿಂದ (ಚಿತ್ರದ ಚುಕ್ಕಿಯಿಂದ) ಇನ್ನೊಂದರ ಅದೇ ಪಿಕ್ಸೆಲ್ ಕಳೆದು ವ್ಯತ್ಯಾಸದ ಸರಾಸರಿ ತೆಗೆಯುವುದು ಹಳೆಯ ದಾರಿ. ಇಡೀ ಚಿತ್ರ ಒಂಚೂರು ಹೆಚ್ಚು ಹೊಳಪಾದರೂ ಅದು ದೂರು ಹೇಳುತ್ತದೆ, ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 2004ರಲ್ಲಿ ಬಂದ ಎಸ್‌ಎಸ್‌ಐಎಂ ಎಂಬ ಅಳತೆ ಚಿತ್ರದ ಚಿಕ್ಕ ಚಿಕ್ಕ ತುಂಡುಗಳಲ್ಲಿ ಬೆಳಕು, ಕಾಂಟ್ರಾಸ್ಟ್, ರಚನೆ ಹೋಲಿಸುತ್ತದೆ; ಎರಡೂ ಒಂದೇ ಆಗಿದ್ದರೆ ಅಂಕ 1. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾದವರು 2020ರಲ್ಲಿ ತಂದ ಫ್ಲಿಪ್ ಎಂಬ ಅಳತೆ, ಎರಡು ಚಿತ್ರಗಳನ್ನು ಒಂದೇ ಜಾಗದಲ್ಲಿ ಅದಲುಬದಲು ಮಾಡಿ ನೋಡಿದರೆ ವ್ಯತ್ಯಾಸ ಎಲ್ಲಿ ಕಣ್ಣಿಗೆ ಬೀಳುತ್ತದೆ ಎಂಬ ನಕ್ಷೆ ಕೊಡುತ್ತದೆ. ಬರೀ ಅಂಕಕ್ಕಿಂತ ಈ ನಕ್ಷೆಯೇ ಜಾಸ್ತಿ ಉಪಯೋಗ ಅನ್ನುವುದು ನನ್ನ ಅಭಿಪ್ರಾಯ.

ಒಂದು ಮಾತು: ಎರಡು ಕಾರ್ಡ್‌ಗಳನ್ನು ನೇರ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಯಾವುದು ಸರಿ ಅಂತ ಅಲ್ಲ. ಅದಕ್ಕೆ ನಿಧಾನವಾಗಿ, ಪ್ರತಿ ಪಿಕ್ಸೆಲ್‌ನ ಬಣ್ಣವನ್ನೂ ಅದರೊಳಗಿನ ಹತ್ತಾರು ಕಡೆ ಲೆಕ್ಕಹಾಕಿ ಬಿಡಿಸಿದ ಮೂರನೇ ಚಿತ್ರ ಬೇಕು. ಆಟ ಓಡುವಾಗ ವಸ್ತುಗಳ ಅಂಚುಗಳು ಮಿಣಮಿಣ ಅನ್ನುವುದಂತೂ ಒಂಟಿ ಚಿತ್ರದಲ್ಲಿ ಸಿಗುವುದೇ ಇಲ್ಲ.