ಎಡವುತ್ತಿರುವ ಹುಡುಗನಿಗಾಗಿ ಎಷ್ಟು ಸೀಸನ್ ಕಾಯಬೇಕು?

ಓದುಗರ ಪ್ರಶ್ನೆ: ಬ್ಯಾಸ್ಕೆಟ್‌ಬಾಲ್

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಣಗಾಟದ ಸುತ್ತ ಇದ್ದವು: ಭಾರೀ ಹೆಸರಿನೊಂದಿಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಬಂದ ಹುಡುಗರು ಯಾಕೆ ಹೀಗೆ ಒದ್ದಾಡುತ್ತಾರೆ, ನಾವು ಯಾಕೆ ಸಹಿಸಬೇಕು? ಅಂಥವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ 2023ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ದಿನ) ಸ್ಕೂಟ್ ಹೆಂಡರ್ಸನ್ ಅವರನ್ನು ಮೂರನೆಯವರಾಗಿ ಆರಿಸಿತು. ಇನ್ನು ಹತ್ತು ವರ್ಷ ಚಿಂತೆಯಿಲ್ಲ ಅಂದುಕೊಂಡೆವು. ಈಗ ನಮ್ಮ ಮನೆಯಲ್ಲಿ ನಾನು ‘ಕಾಯೋಣ’ ಅಂತೀನಿ, ಮಗ ‘ಸಾಕು’ ಅಂತಾನೆ. ಯಾರು ಸರಿ?
– ಓದುಗರೊಬ್ಬರು, ಹಿಲ್ಸ್‌ಬರೋ, ಒರೆಗಾನ್

ಉತ್ತರ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೇ ಮೊದಲ ತೊಡಕು. ವಿಕ್ಟರ್ ವೆಂಬನ್ಯಾಮಾ, ಬ್ರ್ಯಾಂಡನ್ ಮಿಲ್ಲರ್ ನಂತರ ಸ್ಕೂಟ್ ಹೆಸರು ಕೂಗಿದಾಗ ಅವರಿಗಿನ್ನೂ 19 ವರ್ಷ. ಮೂರು ತಿಂಗಳು ಕಳೆಯುತ್ತಿದ್ದ ಹಾಗೆ, 11 ಸೀಸನ್ ತಂಡವನ್ನು ಹೊತ್ತಿದ್ದ ಡೇಮಿಯನ್ ಲಿಲ್ಲರ್ಡ್ ಮಿಲ್ವಾಕಿಗೆ ಹೋದರು. ಉಳಿದ ತಂಡ 2023-24ರಲ್ಲಿ 21 ಪಂದ್ಯ ಗೆದ್ದು 61 ಸೋತಿತು. ಸ್ಕೂಟ್ 62 ಪಂದ್ಯ ಆಡಿ ಸರಾಸರಿ 14 ಅಂಕ, 5.4 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್), 3.4 ಟರ್ನೋವರ್ (ಚೆಂಡು ಎದುರಾಳಿಗೆ ಬಿಟ್ಟುಕೊಟ್ಟದ್ದು) ದಾಖಲಿಸಿದರು. ಹೊಡೆತಗಳಲ್ಲಿ ಬುಟ್ಟಿಗೆ ಬಿದ್ದದ್ದು ಶೇ 38.5, ತ್ರೀಗಳಲ್ಲಿ, ಅಂದರೆ ದೂರದ ಗೆರೆಯಾಚೆಯ ಮೂರು ಅಂಕದ ಹೊಡೆತಗಳಲ್ಲಿ, ಶೇ 32.5.

ಈ 32.5 ಎಂಬ ಅಂಕಿಯಲ್ಲೇ ಮೊದಲ ವರ್ಷದ ಅರ್ಧ ಕಥೆಯಿದೆ. ಸ್ಕೂಟ್ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ದಾಳಿ ನಡೆಸುವವರು. ಪಾಯಿಂಟ್ ಗಾರ್ಡ್‌ನ ದಿನದ ಕೆಲಸ ಎಂದರೆ ಪಿಕ್ ಅಂಡ್ ರೋಲ್. ಎತ್ತರದ ಜೊತೆಗಾರ ಬಂದು ಎದುರಾಳಿಗೆ ಅಡ್ಡಲಾಗಿ ನಿಲ್ಲುತ್ತಾನೆ (ಇದೇ ಸ್ಕ್ರೀನ್), ಗಾರ್ಡ್ ಆ ಜೊತೆಗಾರನ ಭುಜ ಸವರಿಕೊಂಡು ಒಳಗೆ ನುಗ್ಗುತ್ತಾನೆ. ಗಾರ್ಡ್‌ಗೆ ಹೊರಗಿನಿಂದ ಹೊಡೆತ ಬರುತ್ತದೆ ಎಂದಾದರೆ ಎದುರಾಳಿ ಸ್ಕ್ರೀನ್‌ನ ಮೇಲಿಂದ ಬೆನ್ನಟ್ಟಲೇಬೇಕು. ಹಾಗೆ ಬೆನ್ನಟ್ಟುವಾಗ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ, ದಾರಿ ತೆರೆಯುತ್ತದೆ. ಹೊಡೆತ ಬರುವುದಿಲ್ಲ ಎಂದಾದರೆ ಸ್ಕ್ರೀನ್‌ನ ಕೆಳಗಿನಿಂದ ಸುಮ್ಮನೆ ಜಾರಿ, ಬುಟ್ಟಿಯ ಕಡೆ ಮೊದಲೇ ಹೋಗಿ ಕಾಯುತ್ತಾನೆ. ಲೆಕ್ಕ ಹಾಕಿ: ಶೇ 32.5ರ ಹಾಗೆ ಹೊಡೆಯುವವನ ಒಂದು ತ್ರೀಗೆ ಸರಾಸರಿ 0.98 ಅಂಕ. ಎನ್‌ಬಿಎ ತಂಡವೊಂದು ಪ್ರತಿ ದಾಳಿಯಿಂದ ಸರಾಸರಿ 1.14ರ ಆಸುಪಾಸು ಗಳಿಸುತ್ತದೆ. ಅಂದಮೇಲೆ ‘ಹೊಡಿ ಮಾರಾಯ, ಹೊಡಿ’ ಎಂದು ಬಿಟ್ಟುಕೊಡುವುದೇ ಎದುರಾಳಿಗೆ ಲಾಭ. ಸ್ಕೂಟ್ ಅವರ ದೊಡ್ಡ ಅಸ್ತ್ರ ಮೊದಲ ಹೆಜ್ಜೆಯ ವೇಗ. ಅದನ್ನು ಹೀಗೆ ಕಟ್ಟಿಹಾಕಿದರು.

ಇನ್ನರ್ಧ ಕಥೆ ಕಾಲುಗಳಲ್ಲಿದೆ. ಒಂದು ದಾಳಿಗೆ 24 ಸೆಕೆಂಡ್. ಅರ್ಧ ಅಂಕಣ ದಾಟಲು 8ರವರೆಗೆ ಅವಕಾಶ. ಸ್ಕ್ರೀನ್ ಬರುವ ಹೊತ್ತಿಗೆ ಗಡಿಯಾರದಲ್ಲಿ 15ರ ಸುಮಾರು ಉಳಿದಿರುತ್ತದೆ. ಮುಂದಿನ ಎರಡು ಡ್ರಿಬಲ್‌ಗಳಲ್ಲಿ ಗಾರ್ಡ್ ಮೂವರನ್ನು ನೋಡಿ ಮುಗಿಸಬೇಕು: ಬೆನ್ನಟ್ಟುವವನು, ಬುಟ್ಟಿಯ ಕಡೆ ಹಿಂದೆ ಸರಿಯುವ ದೈತ್ಯ, ಎದುರು ಮೂಲೆಯಿಂದ ಸಹಾಯಕ್ಕೆ ಓಡಿಬರುವ ಮೂರನೆಯವನು. ಈ ಮೂರನೆಯವನನ್ನು ಹೊಸಬರು ತಡವಾಗಿ ನೋಡುತ್ತಾರೆ. ಮೊದಲು ನೆಲ ಬಿಡುತ್ತಾರೆ, ಗಾಳಿಯಲ್ಲಿ ಯೋಚಿಸುತ್ತಾರೆ. ಕೆಳಗಿಳಿಯುವಷ್ಟರಲ್ಲಿ ಚೆಂಡು ಕೊಡಲೇಬೇಕಲ್ಲ, ಸಿಕ್ಕಿದ ಕಡೆ ಎಸೆಯುತ್ತಾರೆ. ಆ 3.4 ಟರ್ನೋವರ್‌ಗಳಲ್ಲಿ ಈ ಜಾತಿಯವು ಎಷ್ಟು ಎಂದು ಎಣಿಸಿ ನೋಡಿ. ಎರಡೂ ಪಾದ ನೆಲದ ಮೇಲಿಟ್ಟು ನಿಂತು ಪಾಸ್ ಕೊಡುವುದನ್ನು ಕಲಿತ ದಿನ ಗಾರ್ಡ್ ಅರ್ಧ ಪಾಸಾದ ಹಾಗೆ.

2024-25ರಲ್ಲಿ ಸರಾಸರಿ 12.7 ಅಂಕಕ್ಕೆ ಇಳಿಯಿತು. ನಿಮ್ಮ ಮಗ ನೋಡಿದ್ದು ಇದನ್ನೇ ಇರಬೇಕು. ಆದರೆ ಆ ಸೀಸನ್ ಅವರು ಹೆಚ್ಚಾಗಿ ಬೆಂಚ್‌ನಿಂದ ಬಂದರು. ಹೊಡೆತದ ಸರಾಸರಿ 41.9ಕ್ಕೆ, ತ್ರೀ 35.4ಕ್ಕೆ ಏರಿತು. ಪ್ರತಿ ತ್ರೀಗೆ 1.06 ಅಂಕ ಎಂದಾಗ ಸ್ಕ್ರೀನ್‌ನ ಕೆಳಗೆ ಜಾರುವವನು ಎರಡು ಸಲ ಯೋಚಿಸುತ್ತಾನೆ. ಈ ಲೆಕ್ಕದಲ್ಲಿ ನೀವು ಸರಿ. ಮಗನ ಮಾತಿನಲ್ಲೂ ಹುರುಳಿದೆ, ಅದು ಆಟಕ್ಕಿಂತ ಹೆಚ್ಚಾಗಿ ಮೈಗೆ ಸಂಬಂಧಿಸಿದ್ದು. ಮೊದಲ ಸೀಸನ್ ಶುರುವಾಗುತ್ತಲೇ ಕಣಕಾಲು ಉಳುಕಿತು. 2025ರ ಸೆಪ್ಟೆಂಬರ್‌ನಲ್ಲಿ ಎಡತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಹರಿದು ಮೂರನೇ ಸೀಸನ್‌ನ ಆರಂಭ ಕೈತಪ್ಪಿತು. ಆಡದೆ ಕುಳಿತ ದಿನಗಳನ್ನು ಕಲಿಕೆಯ ಖಾತೆಗೆ ಬರೆಯಲಾಗದು. ಹಾಗಾಗಿ ವರ್ಷ ಎಣಿಸಬೇಡಿ, ಪಂದ್ಯ ಎಣಿಸಿ. ಪಾಯಿಂಟ್ ಗಾರ್ಡ್‌ಗೆ ನಮ್ಮ ಅಳತೆ 200 ಪಂದ್ಯ. ಮೊದಲೆರಡು ಸೀಸನ್ ಸೇರಿಸಿದರೆ ಸ್ಕೂಟ್ ಆಡಿದ್ದು 128.

ಆ ಎರಡು ಸೀಸನ್ ಅವರ ಕೋಚ್ ಆಗಿದ್ದವರು ಚಾನ್ಸಿ ಬಿಲಪ್ಸ್. ಅವರೂ 1997ರ ಡ್ರಾಫ್ಟ್‌ನಲ್ಲಿ ಮೂರನೆಯವರೇ, ಅವರೂ ಪಾಯಿಂಟ್ ಗಾರ್ಡೇ. ಬಾಸ್ಟನ್ 51 ಪಂದ್ಯಕ್ಕೇ ಅವರನ್ನು ಸಾಗಹಾಕಿತು. ತಂಡದಿಂದ ತಂಡಕ್ಕೆ ಅಲೆದು 2002ರಲ್ಲಿ ಡೆಟ್ರಾಯಿಟ್ ಸೇರಿ, 2004ರ ಫೈನಲ್ಸ್‌ನ ಅತ್ಯುತ್ತಮ ಆಟಗಾರರಾದರು. ಮಗನಿಗೆ ಇದನ್ನು ಹೇಳಿ. ಆದರೆ ಬಿಲಪ್ಸ್ ಹಾಗೆ ಅಲೆದೂ ಏನೂ ಆಗದೆ ಹೋದವರ ಪಟ್ಟಿ ಇದಕ್ಕಿಂತ ಬಹಳ ಉದ್ದ ಎಂಬುದನ್ನೂ ಹೇಳಿ.

ಪ್ರಶ್ನೆ: ಒಬ್ಬ ಹುಡುಗ 18 ಅಂಕ ಹೊಡೆದ ದಿನವೂ ‘ಚೆನ್ನಾಗಿ ಆಡಲಿಲ್ಲ’ ಅಂತಾರೆ, 9 ಹೊಡೆದ ದಿನ ‘ಪರವಾಗಿಲ್ಲ’ ಅಂತಾರೆ. ಇದು ಹೇಗೆ?
– ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಎಷ್ಟು ಗಳಿಸಿದ ಎನ್ನುವುದರ ಪಕ್ಕದಲ್ಲಿ ಎಷ್ಟು ಖರ್ಚು ಮಾಡಿದ ಎಂದೂ ಬರೆಯಬೇಕು. ಇದಕ್ಕೆ ಟ್ರೂ ಶೂಟಿಂಗ್ ಎಂಬ ಅಳತೆಯಿದೆ. ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ, ಅದಕ್ಕೆ ಒಟ್ಟು ಹೊಡೆತಗಳನ್ನು ಕೂಡಿಸಿ, ಬಂದದ್ದನ್ನು ಎರಡು ಪಟ್ಟು ಮಾಡಿ, ಅಂಕಗಳನ್ನು ಅದರಿಂದ ಭಾಗಿಸಿ. 0.44 ಯಾಕೆಂದರೆ ಪ್ರತಿ ಫ್ರೀ ಥ್ರೋ ಒಂದೊಂದು ದಾಳಿಯನ್ನು ನುಂಗುವುದಿಲ್ಲ. ಎರಡು ಸೇರಿ ಸಾಮಾನ್ಯವಾಗಿ ಒಂದು ದಾಳಿ, ಬುಟ್ಟಿಯ ಜೊತೆಗೆ ಸಿಗುವ ಹೆಚ್ಚುವರಿ ಒಂದಕ್ಕೆ ಖರ್ಚೇ ಇಲ್ಲ.

15 ಹೊಡೆತ, 4 ಫ್ರೀ ಥ್ರೋ, 18 ಅಂಕ ಎಂದುಕೊಳ್ಳಿ. 4×0.44 ಅಂದರೆ 1.76, 15 ಕೂಡಿದರೆ 16.76, ಎರಡು ಪಟ್ಟು 33.52. 18ನ್ನು ಇದರಿಂದ ಭಾಗಿಸಿದರೆ ಶೇ 53.7. ಈಚಿನ ಸೀಸನ್‌ಗಳಲ್ಲಿ ಎನ್‌ಬಿಎ ಸರಾಸರಿ 57-58. ಅಂದರೆ ಆ 18 ಅಂಕ ದುಬಾರಿಯಾಯಿತು. 6 ಹೊಡೆತ, 2 ಫ್ರೀ ಥ್ರೋಗಳಿಂದ 9 ಬಂದರೆ? ಶೇ 65. ಅದೇ ಪರವಾಗಿಲ್ಲ ಎಂದವರ ಲೆಕ್ಕ. ಒಂದೇ ಪಂದ್ಯಕ್ಕೆ ಇದನ್ನು ಹಾಕಿ ತೀರ್ಪು ಕೊಡಬೇಡಿ, ಹತ್ತರ ಗುಂಪು ಮಾಡಿ ನೋಡಿ.

ತ್ರೀ ವಿಷಯದಲ್ಲಂತೂ ಹತ್ತೂ ಸಾಲದು. ನಿಜವಾಗಿ ಶೇ 35ರ ಕೈ ಇರುವವನು 100 ಹೊಡೆತಗಳಲ್ಲಿ, ಬರೀ ಅದೃಷ್ಟದ ಏರುಪೇರಿನಿಂದಲೇ, 30 ಅಥವಾ 40ರಲ್ಲಿ ನಿಲ್ಲಬಹುದು. ಪಂದ್ಯಕ್ಕೆ ಐದರಂತೆ 100 ಎಂದರೆ 20 ಪಂದ್ಯ. ದೀಪಾವಳಿಗೆ ‘ಇವನಿಗೆ ಶೂಟಿಂಗೇ ಬರಲ್ಲ’ ಎಂದವರು ಸಂಕ್ರಾಂತಿಗೆ ‘ಕೈ ಕುದುರಿತು’ ಎನ್ನುವುದರ ಗುಟ್ಟು ಬಹುಪಾಲು ಇಷ್ಟೇ. 400 ಹೊಡೆತಗಳಾದರೆ ಈ ತೂಗಾಟ ಆಚೀಚೆ ಎರಡೂವರೆಗೆ ಇಳಿಯುತ್ತದೆ. ಅದಕ್ಕಿಂತ ಬೇಗ ನಂಬಬಹುದಾದ ಇನ್ನೊಂದು ಗುರುತು ಫ್ರೀ ಥ್ರೋ: ಎದುರಿಗೆ ಯಾರೂ ಇಲ್ಲ, ದೂರ ಸದಾ 15 ಅಡಿ, ಕೈಯ ಗುಣ ಮಾತ್ರ ಕಾಣುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದವನು ದಿಢೀರನೆ ಹೊಡೆಯುವುದನ್ನೇ ಮರೆಯಲು ಸಾಧ್ಯವೇ? ಮಾರ್ಕೆಲ್ ಫುಲ್ಟ್ಸ್ ಬಗ್ಗೆ ಹಾಗೆ ಹೇಳುತ್ತಾರಲ್ಲ.
– ಶಿವಮೊಗ್ಗದಿಂದ

ಉತ್ತರ: ಮರೆತದ್ದಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫುಲ್ಟ್ಸ್ ತ್ರೀ ಸರಾಸರಿ ಶೇ 41.3 ಇತ್ತು. (ಆಗ ಕಾಲೇಜು ಗೆರೆ 20 ಅಡಿ 9 ಅಂಗುಲದಲ್ಲಿತ್ತು, ಎನ್‌ಬಿಎ ಗೆರೆ ನಡುವೆ 23 ಅಡಿ 9 ಅಂಗುಲ, ಮೂಲೆಗಳಲ್ಲಿ 22 ಅಡಿ.) 2017ರಲ್ಲಿ ಫಿಲಡೆಲ್ಫಿಯಾ ಬಾಸ್ಟನ್ ಜೊತೆ ಸರದಿ ಬದಲಿಸಿಕೊಂಡು ಅವರನ್ನು ಮೊದಲನೆಯವರಾಗಿ ಆರಿಸಿತು, ಮೂರನೆಯ ಸರದಿಗೆ ಇಳಿದ ಬಾಸ್ಟನ್‌ಗೆ ಜೇಸನ್ ಟೇಟಮ್ ಸಿಕ್ಕರು. ಮೊದಲ ಸೀಸನ್ ಫುಲ್ಟ್ಸ್ ಆಡಿದ್ದು 14 ಪಂದ್ಯ. ಚೆಂಡು ಹಣೆಯ ಮುಂದೆ ಬಂದಾಗ ಕೈ ತಡವರಿಸಿ ನಿಲ್ಲುತ್ತಿತ್ತು, ಆಮೇಲೆ ಮುಂದಕ್ಕೆ ತಳ್ಳಿದ ಹಾಗೆ ಹೊಡೆತ. ಫ್ರೀ ಥ್ರೋ ಗೆರೆಯಲ್ಲೂ ಹಾಗೆಯೇ. ಆ ವಿಡಿಯೊಗಳನ್ನು ಹಂಚಿಕೊಂಡು ನಕ್ಕವರಿಗೆ ಲೆಕ್ಕವಿಲ್ಲ. ಹೆಚ್ಚಿನವರು ‘ತಲೆಯಲ್ಲಿ ಸಮಸ್ಯೆ’ ಎಂದು ತೀರ್ಮಾನಿಸಿದರು.

2018ರ ಡಿಸೆಂಬರ್‌ನಲ್ಲಿ ತಜ್ಞ ವೈದ್ಯರು ಹೇಳಿದ ಹೆಸರು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ಕಾಲರ್ ಬೋನ್‌ಗೂ ಮೊದಲ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನಲ್ಲಿ ತೋಳಿಗೆ ಹೋಗುವ ನರಗಳೋ ರಕ್ತನಾಳಗಳೋ ಅದುಮಿಕೊಳ್ಳುವ ತೊಂದರೆ ಅದು. ಕೈ ಎತ್ತಿದಾಗ ಜೋಮು, ನಿಶ್ಶಕ್ತಿ, ಹಿಡಿತ ತಪ್ಪುವುದು. ಚೆಂಡು ಎಸೆಯುವುದೇ ಕಸುಬಾದವನಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. 2019ರ ಫೆಬ್ರವರಿಯಲ್ಲಿ ಒರ್ಲಾಂಡೊಗೆ ಹೋಗಿ, ಮುಂದಿನ ಸೀಸನ್ 72 ಪಂದ್ಯಗಳಲ್ಲಿ ಸರಾಸರಿ 12.1 ಅಂಕ ಗಳಿಸಿದರು. ತ್ರೀ ಮಾತ್ರ ಹಳೆಯ ಮಟ್ಟಕ್ಕೆ ಬರಲಿಲ್ಲ. ಹೊಡೆಯುವ ಭಂಗಿಯೇ ಏಕಾಏಕಿ ಬದಲಾದರೆ ಮೊದಲು ಮೈಯನ್ನು ಅನುಮಾನಿಸಿ, ಮನಸ್ಸನ್ನು ಆಮೇಲೆ.

ಪ್ರಶ್ನೆ: ಅಭಿಮಾನಿಗಳ ಮಾತಿರಲಿ, ತಂಡ ಎಷ್ಟು ದಿನ ಕಾಯುತ್ತದೆ?
– ಹುಬ್ಬಳ್ಳಿಯಿಂದ

ಉತ್ತರ: ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ತಂಡದ ಕಚೇರಿಯಲ್ಲಿ ಯಾರೂ ನಂಬುವುದಿಲ್ಲ, ಅಲ್ಲಿರುವುದು ಒಪ್ಪಂದದ ತಾರೀಖುಗಳು. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಎರಡು ವರ್ಷದ ಸಂಬಳ ಖಾತ್ರಿ. ಮೂರನೆಯ ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. ಆಯಾ ವರ್ಷಕ್ಕೆ ಒಂದು ಸೀಸನ್ ಮುಂಚೆ, ಅಕ್ಟೋಬರ್ 31ರೊಳಗೆ, ಬೇಕೋ ಬೇಡವೋ ತಿಳಿಸಬೇಕು. ಅಂದರೆ ಎರಡನೇ ಸೀಸನ್ ಶುರುವಾಗಿ ಒಂದೆರಡು ವಾರದೊಳಗೇ ಮೂರನೇ ವರ್ಷದ ಹಣೆಬರಹ ಬರೆದಾಗಿರುತ್ತದೆ. ಮೇಲಿನ ಸರದಿಯವರಿಗೆ ಈ ಎರಡೂ ವರ್ಷ ಹೆಚ್ಚುಕಡಿಮೆ ಸಿಕ್ಕೇ ಸಿಗುತ್ತವೆ, ತಪ್ಪು ಒಪ್ಪಿಕೊಳ್ಳಲು ಯಾವ ಮ್ಯಾನೇಜರ್‌ಗೂ ಇಷ್ಟವಿರುವುದಿಲ್ಲ. ನಿಜವಾದ ಪರೀಕ್ಷೆ ಮೂರನೇ ಸೀಸನ್ ಮುಗಿದ ಮೇಲಿನ ಬೇಸಿಗೆಯಲ್ಲಿ. ಆಗಿನಿಂದ ನಾಲ್ಕನೇ ಸೀಸನ್‌ನ ಹಿಂದಿನ ದಿನದವರೆಗೆ ಹೊಸ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಬಹುದು. 2023ರಲ್ಲಿ ಬಂದವರಿಗೆ ಇದು 2026ರ ಬೇಸಿಗೆ. ಸಹಿ ಬೀಳದಿದ್ದರೆ ತಂಡಕ್ಕೆ ಇನ್ನೂ ಅನುಮಾನವಿದೆ ಎಂದೇ ಓದಿಕೊಳ್ಳಿ.

ಪ್ರಶ್ನೆ: ಹಾಗಾದರೆ ಕೈ ಬಿಡುವ ಸಮಯ ಯಾವುದು? ಸ್ವಂತ ಅಂಕಣದಲ್ಲೇ ‘ಬೂ’ ಎನ್ನುವುದು ಸರಿಯೇ?
– ಮಂಗಳೂರಿನಿಂದ

ಉತ್ತರ: ಅಂಕಿ ಕೆಟ್ಟದ್ದು ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಅಂಕಿ ಕದಲುತ್ತಲೇ ಇಲ್ಲ ಎಂದಾಗ ಬಿಡಿ. 2020ರಲ್ಲಿ ಡೆಟ್ರಾಯಿಟ್ ಏಳನೆಯವರಾಗಿ ಆರಿಸಿದ ಕಿಲಿಯನ್ ಹೇಯ್ಸ್‌ಗೆ ಮೊದಲ ವರ್ಷ ಸೊಂಟದ ಗಾಯವಾಗಿತ್ತು, ಆ ಮಟ್ಟಿಗೆ ಕಾದದ್ದು ನ್ಯಾಯ. ಆದರೆ ನಾಲ್ಕು ಸೀಸನ್‌ಗಳಲ್ಲಿ ಒಮ್ಮೆಯೂ ತ್ರೀ ಶೇ 30 ಮುಟ್ಟಲಿಲ್ಲ. 210 ಪಂದ್ಯಗಳ ನಂತರ, 2024ರ ಫೆಬ್ರವರಿಯಲ್ಲಿ, ತಂಡ ಕೈ ಬಿಟ್ಟಿತು. ಅದೇ ಡ್ರಾಫ್ಟ್‌ನಲ್ಲಿ ಎರಡು ಸ್ಥಾನ ಹಿಂದೆ ಇದ್ದವರು ಡೆನಿ ಅವ್ದಿಯಾ. ವಾಷಿಂಗ್ಟನ್‌ನಲ್ಲಿ ನಿಧಾನವಾಗಿ ಮೇಲೇರಿ, 2024ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದ ಸೀಸನ್‌ನಲ್ಲಿ ಸರಾಸರಿ 16.9 ಅಂಕ ಗಳಿಸಿದರು. ಅದು ಅವರ ಐದನೇ ಸೀಸನ್!

ಇನ್ನು ‘ಬೂ’. ಸ್ಟೀವ್ ನ್ಯಾಶ್ ಅವರನ್ನು 1999ರಲ್ಲಿ ಡಲ್ಲಾಸ್ ಪ್ರೇಕ್ಷಕರೇ ಛೀಮಾರಿ ಹಾಕಿದ್ದರು. ಅವರು 2005, 2006ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರರಾದಾಗ ತೊಟ್ಟಿದ್ದದ್ದು ಫೀನಿಕ್ಸ್ ಜೆರ್ಸಿ. ಟಿಕೆಟ್ ಕೊಂಡವರಿಗೆ ಕೂಗುವ ಹಕ್ಕಿದೆ, ಇಲ್ಲ ಎನ್ನುವುದಿಲ್ಲ. ಡಿಫೆನ್ಸ್‌ಗೆ ಹಿಂದಕ್ಕೆ ಓಡದವನಿಗೆ ಕೂಗಿ. ಓಡುವುದು ಅವನ ಕೈಯಲ್ಲಿದೆ. ಯಾರೂ ಅಡ್ಡವಿಲ್ಲದ ತ್ರೀಯಲ್ಲಿ ಗುರಿ ತಪ್ಪಿದವನಿಗೆ ಕೂಗಿದರೆ ಮುಂದಿನ ಸಲ ಅವನು ಹೊಡೆಯದೆ ಚೆಂಡು ದಾಟಿಸುತ್ತಾನೆ, ನಷ್ಟ ನಿಮ್ಮ ತಂಡಕ್ಕೇ.

ಪ್ರಶ್ನೆ: ಅಮೆರಿಕದ ಪಶ್ಚಿಮ ಕರಾವಳಿಯ ಪಂದ್ಯಗಳು ನಮಗೆ ಬೆಳಿಗ್ಗೆ ಎಂಟೂವರೆಗೆ, ಆಫೀಸಿನ ಹೊತ್ತು. ಹೈಲೈಟ್ಸ್ ನೋಡಿದರೆ ಸಾಲದೇ?
– ಬೆಂಗಳೂರಿನಿಂದ

ಉತ್ತರ: ಸಾಲದು. ಹೈಲೈಟ್ಸ್‌ನಲ್ಲಿ ಡಂಕ್ ಇರುತ್ತದೆ, ಅದಕ್ಕೂ ಮುಂಚಿನ ಮೂರು ಟರ್ನೋವರ್ ಇರುವುದಿಲ್ಲ. ಪೂರ್ತಿ ಪಂದ್ಯಕ್ಕೆ ಪುರುಸೊತ್ತಿಲ್ಲದಿದ್ದರೆ ಸಂಜೆ ರಿಪ್ಲೇ ಹಾಕಿ, ಆ ಹುಡುಗ ಅಂಕಣದಲ್ಲಿರುವ ಒಂದು ಕ್ವಾರ್ಟರ್ ಮಾತ್ರ ನೋಡಿ. ಬೆಂಚ್‌ನಿಂದ ಬರುವವನಾದರೆ ಎರಡನೇ ಕ್ವಾರ್ಟರ್‌ನ ಮೊದಲ ಆರು ನಿಮಿಷ ಒಳ್ಳೆಯದು, ಚೆಂಡು ಹೆಚ್ಚಾಗಿ ಅವನ ಕೈಯಲ್ಲೇ ಇರುತ್ತದೆ. ಒಂದು ಹಾಳೆಯಲ್ಲಿ ಮೂರು ಸಾಲು ಗೀಚಿಕೊಳ್ಳಿ: ಸ್ಕ್ರೀನ್ ದಾಟಿ ಬುಟ್ಟಿಯ ಹತ್ತಿರದವರೆಗೆ ಹೋದದ್ದು ಎಷ್ಟು ಸಲ, ಪಾದ ನೆಲದಲ್ಲಿಟ್ಟು ಪಾಸ್ ಕೊಟ್ಟದ್ದು ಎಷ್ಟು, ಗಾಳಿಯಲ್ಲಿದ್ದಾಗ ಕೊಟ್ಟದ್ದು ಎಷ್ಟು. ಪಾಸ್ ಪಡೆದವನು ಬುಟ್ಟಿಗೆ ಹಾಕಿದನೋ ಇಲ್ಲವೋ ಎಂಬುದನ್ನು ಬರೆಯಬೇಡಿ, ಅದು ಅವನ ಪಾಡು. ನವೆಂಬರ್‌ನ ಐದು ಹಾಳೆ, ಮಾರ್ಚ್‌ನ ಐದು ಹಾಳೆ ಪಕ್ಕಪಕ್ಕ ಇಡಿ. ಮೂರನೇ ಸಾಲು ಸಣ್ಣದಾಗಿದ್ದರೆ ಇನ್ನೊಂದು ಸೀಸನ್ ನೋಡಬಹುದು.